ಹತ್ತೊಂಬತ್ತು ಲಕ್ಷ ಜನ ಎಲ್ಲಿ ಹೋದರು?

1991ರ ಜನಗಣತಿಯ ಪ್ರಕಾರ ಧಾರವಾಡ ಜಿಲ್ಲೆಯ ಜನಸಂಖ್ಯೆ 35,03,150. 2001ರ ಜನಗಣತಿಯ ಪ್ರಕಾರ ಧಾರವಾಡ ಜಿಲ್ಲೆಯ ಜನಸಂಖ್ಯೆ 16,04,253. ಎರಡೂ ಸರ್ಕಾರವೇ ಪ್ರಕಟಿಸಿದ ಅಂಕಿಗಳು. ಎರಡರಲ್ಲೂ ಅಚ್ಚಿನ ದೋಷವಿಲ್ಲ. ಕಳೆಯುವ ಲೆಕ್ಕ ಬಲ್ಲ ಯಾರಾದರೂ ಹೇಳಿಬಿಡಬಹುದು: ಹತ್ತು ವರ್ಷಗಳಲ್ಲಿ ಸುಮಾರು ಹತ್ತೊಂಬತ್ತು ಲಕ್ಷ ಜನ ಕಾಣೆಯಾಗಿದ್ದಾರೆ! ಏನಾಯಿತು ಧಾರವಾಡಕ್ಕೆ? ಬರವೇ, ಗುಳೆಯೇ, ಸಾಂಕ್ರಾಮಿಕ ರೋಗವೇ?

ಇದಾವುದೂ ಅಲ್ಲ. 1997ರಲ್ಲಿ ರಾಜ್ಯದಲ್ಲಿ ಏಳು ಹೊಸ ಜಿಲ್ಲೆಗಳು ರಚನೆಯಾದವು. ಆಗ ಧಾರವಾಡದಿಂದ ಗದಗ ಮತ್ತು ಹಾವೇರಿ ಬೇರೆಯಾದವು. 2001ರಲ್ಲಿ ಗದಗದಲ್ಲಿ 9,71,835 ಜನರಿದ್ದರು, ಹಾವೇರಿಯಲ್ಲಿ 14,39,116. ಈ ಎರಡನ್ನೂ ಧಾರವಾಡದ ಅಂಕಿಗೆ ಕೂಡಿಸಿ ನೋಡಿ: 40,15,204. ಅಂದರೆ ಹಳೆಯ ಅವಿಭಜಿತ ಜಿಲ್ಲೆಯ ಜನಸಂಖ್ಯೆ ಕುಸಿದಿಲ್ಲ, ಹತ್ತು ವರ್ಷಗಳಲ್ಲಿ ಶೇಕಡಾ 14.6ರಷ್ಟು ಏರಿದೆ.

ದೊಡ್ಡವರಿಗೆ ಇದು ಸಣ್ಣ ವಿಷಯವೆನಿಸಬಹುದು. ಜಿಲ್ಲೆ ಒಡೆದದ್ದು ಅವರ ಕಣ್ಣೆದುರಿಗೇ ನಡೆದ ಸಂಗತಿ. ಆದರೆ ಇಂದು ಹೈಸ್ಕೂಲಿನಲ್ಲಿರುವ ಹುಡುಗನಿಗೆ ಗದಗ, ಹಾವೇರಿ ಎಂದಿನಿಂದಲೂ ಜಿಲ್ಲೆಗಳೇ. ವಿಜ್ಞಾನ ಸಮಾವೇಶಕ್ಕೋ ಶಾಲೆಯ ಪ್ರಾಜೆಕ್ಟಿಗೋ ಅವನು ಈ ಎರಡು ಅಂಕಿಗಳನ್ನು ಹೆಕ್ಕಿ ತಂದು ಪಕ್ಕಪಕ್ಕದಲ್ಲಿ ಬರೆದರೆ, ಮುಂದಿನ ಹೆಜ್ಜೆಯಲ್ಲಿ 'ಕುಸಿತಕ್ಕೆ ಕಾರಣಗಳು' ಎಂಬ ಉಪಶೀರ್ಷಿಕೆಯನ್ನೂ ಬರೆಯುತ್ತಾನೆ. ಕಾರಣಗಳಿಗೇನು ಬರವೆ? ನೀರಿನ ಅಭಾವ, ನಿರುದ್ಯೋಗ, ವಲಸೆ... ನಾಲ್ಕು ಪುಟ ಸಲೀಸಾಗಿ ತುಂಬುತ್ತದೆ. ಸಂಶೋಧನೆ ಹೀಗೂ ದಾರಿ ತಪ್ಪುತ್ತದೆ. ಅಂಕಿಗಳು ಸರಿ, ಆದರೆ ಅವುಗಳನ್ನು ಹೋಲಿಸಿದ ರೀತಿ ತಪ್ಪು.

ಧಾರವಾಡದ್ದಾದರೂ ಒಂದೇ ಏಟಿನ ವಿಭಜನೆ. ಹರಪನಹಳ್ಳಿ ತಾಲ್ಲೂಕಿನ ಕಥೆ ಕೇಳಿ. 1991ರ ಜನಗಣತಿಯಲ್ಲಿ ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಹಾಗಾಗಿ 2001 ಮತ್ತು 2011ರ ಪುಸ್ತಕಗಳಲ್ಲಿ ಅದನ್ನು ದಾವಣಗೆರೆಯಲ್ಲಿ ಹುಡುಕಬೇಕು. 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರೊಳಗೆ ಬಂತು. ಊರು ಕದಲಲಿಲ್ಲ, ಕೆರೆ ಕದಲಲಿಲ್ಲ. ಕೋಷ್ಟಕದಲ್ಲಿ ಮಾತ್ರ ಪ್ರವಾಸ ನಡೆದೇ ಇದೆ. ರಾಜ್ಯದಲ್ಲಿ 1991ರಲ್ಲಿ 20, 2001ರಲ್ಲಿ 27, 2011ರಲ್ಲಿ 30 ಜಿಲ್ಲೆಗಳಿದ್ದವು. ವಿಜಯನಗರ ಸೇರಿ 31 ಆದವು.

ಈ ತೊಡಕಿಗೆ ಪರಿಹಾರವನ್ನು ಜನಗಣತಿ ಇಲಾಖೆಯೇ ಒದಗಿಸಿದೆ. 'ಎ-2' ಎಂಬ ಕೋಷ್ಟಕದಲ್ಲಿ 1901ರಿಂದ ಈಚಿನ ದಶಕವಾರು ಜನಸಂಖ್ಯೆಯನ್ನು ಆಯಾ ಗಣತಿಯ ಕಾಲದ ಗಡಿಗಳಿಗೆ ಹೊಂದಿಸಿ ಕೊಟ್ಟಿರುತ್ತಾರೆ. ಈಗಿನ ಧಾರವಾಡ ಜಿಲ್ಲೆಯಷ್ಟೇ ಪ್ರದೇಶದಲ್ಲಿ 1991ರಲ್ಲಿ ಇದ್ದವರು 13,74,895 ಮಂದಿ ಎಂಬುದು ಅಂಥ ಹೊಂದಾಣಿಕೆಯಿಂದಲೇ ತಿಳಿಯುತ್ತದೆ. ಹಳೆಯ ಪುಸ್ತಕ ಒಂದು ಕೈಯಲ್ಲಿ, ಹೊಸ ಪುಸ್ತಕ ಇನ್ನೊಂದು ಕೈಯಲ್ಲಿ ಹಿಡಿದು ಹೋಲಿಸುವ ಬದಲು ಹೊಸ ಪುಸ್ತಕದೊಳಗಿನ ಹಳೆಯ ಅಂಕಿಗಳನ್ನು ನೋಡುವುದು ಕ್ಷೇಮ.

ಪದ ಒಂದೇ, ಅರ್ಥ ಬೇರೆ

ಗಡಿ ಬದಲಾದರೆ ನಕ್ಷೆಯಲ್ಲಾದರೂ ಕಾಣುತ್ತದೆ. ಪದದ ಅರ್ಥ ಬದಲಾದರೆ ಕಾಣುವುದಿಲ್ಲ. 'ಸಾಕ್ಷರತೆ' ಎಂಬ ಪದವನ್ನೇ ತೆಗೆದುಕೊಳ್ಳಿ. ಭಾರತದ ಸಾಕ್ಷರತೆ 1981ರಲ್ಲಿ ಶೇ. 36.23, 1991ರಲ್ಲಿ ಶೇ. 52.21 ಎಂದು ಹಲವು ಪುಸ್ತಕಗಳಲ್ಲಿ ಕಾಣಬಹುದು. ಹದಿನಾರು ಅಂಶಗಳ ಜಿಗಿತ! ಆದರೆ 1981ರ ಆ ಅಂಕಿಯನ್ನು ಕೂಸುಗಳೂ ಸೇರಿದಂತೆ ಒಟ್ಟು ಜನಸಂಖ್ಯೆಯಿಂದ ಭಾಗಿಸಿ ಪಡೆದದ್ದು. ತೊಟ್ಟಿಲ ಮಗುವನ್ನೂ 'ಅನಕ್ಷರಸ್ಥ' ಎಂದು ಎಣಿಸಿದಂತಾಯಿತು. 1991ರಿಂದ ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಾಯಿತು. 1981ಕ್ಕೂ ಅದೇ ಅಳತೆ ಹಿಡಿದರೆ ಬರುವುದು ಶೇ. 43.57. ನಿಜವಾದ ಏರಿಕೆ ಎಂಟೂವರೆ ಅಂಶಗಳ ಆಸುಪಾಸು. ಅಂಶ, ಅಂದರೆ ಭಿನ್ನರಾಶಿಯ ಮೇಲಿನ ಸಂಖ್ಯೆ, ಏನೆಂದು ಎಲ್ಲರೂ ಕೇಳುತ್ತಾರೆ. ಕೆಳಗಿನ ಛೇದವನ್ನು ಯಾರೂ ಕೇಳುವುದಿಲ್ಲ. ಶೇಕಡಾವಾರು ಅಂಕಿ ಕಂಡಾಗಲೆಲ್ಲ 'ಯಾವುದರಲ್ಲಿ ಶೇಕಡಾ?' ಎಂದು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಐದನೇ ತರಗತಿಯಿಂದಲೇ ಮಾಡಿಸಬಹುದು.

ಇನ್ನೊಂದು ಉದಾಹರಣೆ ಮನೆಗೆ ಹತ್ತಿರದ್ದು. 2011ರ ಗಣತಿಯಲ್ಲಿ ಕುಡಿಯುವ ನೀರಿನ ಮೂಲ ಮನೆಯ ಆವರಣದೊಳಗಿದೆಯೇ, ಸಮೀಪದಲ್ಲಿದೆಯೇ, ದೂರದಲ್ಲಿದೆಯೇ ಎಂದು ಕೇಳಿದ್ದರು. 'ಸಮೀಪ' ಎಂದರೆ ಎಷ್ಟು? ಪಟ್ಟಣದಲ್ಲಾದರೆ 100 ಮೀಟರ್ ಒಳಗೆ. ಹಳ್ಳಿಯಲ್ಲಾದರೆ 500 ಮೀಟರ್ ಒಳಗೆ! ಹಳ್ಳಿಯಲ್ಲಿ ನಾನೂರು ಮೀಟರ್ ದೂರದ ಬೋರ್‌ವೆಲ್ಲಿನಿಂದ ದಿನಕ್ಕೆ ಎಂಟು ಕೊಡ ಹೊರುವ ಹೆಂಗಸು ಹೋಗಿ ಬರುವುದು ಸೇರಿ ಆರು ಕಿಲೋಮೀಟರಿಗೂ ಹೆಚ್ಚು ನಡೆಯುತ್ತಾಳೆ. ಅದರಲ್ಲಿ ಅರ್ಧ ದಾರಿ ತುಂಬಿದ ಕೊಡ ಹೊತ್ತು. ಕೋಷ್ಟಕದ ಪ್ರಕಾರ ಮಾತ್ರ ಅವಳ ನೀರು 'ಸಮೀಪ'ದಲ್ಲಿದೆ. ತಮ್ಮ ಊರಿನ ನೀರಿನ ಬಗ್ಗೆ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿನಿಯರು ಸರ್ಕಾರದ ಅಂಕಿಯನ್ನು ಬರೆದುಕೊಂಡು, ಟೇಪು ಹಿಡಿದು ಹತ್ತು ಮನೆಗಳ ದೂರವನ್ನು ತಾವೇ ಅಳೆದರೆ ಎಂಥ ಒಳ್ಳೆಯ ಕೆಲಸವಾದೀತು! ಎರಡೂ ಹೊಂದದಿದ್ದರೆ ಸರ್ಕಾರ ಸುಳ್ಳು ಹೇಳಿದೆ ಎಂದು ಕೂಗಬೇಕಾಗಿಲ್ಲ. ಯಾವ ಪದಕ್ಕೆ ಯಾವ ಅಳತೆ ಎಂದು ಬರೆದರೆ ಓದಿದವರಿಗೆ ತಾನೇ ತಿಳಿಯುತ್ತದೆ.

ಎಲ್ಲಿ ಸಿಗುತ್ತದೆ?

ಸರ್ಕಾರದ ಅಂಕಿ-ಅಂಶವೆಂದರೆ ದೆಹಲಿಯಿಂದಲೋ ಬೆಂಗಳೂರಿನಿಂದಲೋ ತರಿಸಬೇಕಾದ ವಸ್ತು ಎಂಬ ಭಾವನೆ ಪೋಷಕರಲ್ಲಿದೆ. ಹಾಗೇನಿಲ್ಲ. ಪ್ರತಿ ಜಿಲ್ಲಾ ಕೇಂದ್ರದಲ್ಲೂ ಜಿಲ್ಲಾ ಸಾಂಖ್ಯಿಕ ಅಧಿಕಾರಿಗಳ ಕಚೇರಿ ಇದೆ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಸೇರಿದ ಈ ಕಚೇರಿಗಳು 'ಜಿಲ್ಲಾ ಅಂಕಿ ಅಂಶಗಳ ನೋಟ' ಎಂಬ ಪುಸ್ತಕವನ್ನು ಹೊರತರುತ್ತವೆ. ತಾಲ್ಲೂಕುವಾರು ಮಳೆ, ಬೆಳೆ, ನೀರಾವರಿ, ಜಾನುವಾರು, ಶಾಲೆ, ಆಸ್ಪತ್ರೆ ಎಲ್ಲವೂ ಅದರಲ್ಲಿ ಅಡಕವಾಗಿರುತ್ತವೆ. ಅಲ್ಲಿಗೆ ಶಾಲಾ ಮಕ್ಕಳು ಬರುವುದು ತೀರ ಅಪರೂಪ. ಮುಖ್ಯೋಪಾಧ್ಯಾಯರ ಒಂದು ಪತ್ರ ಹಿಡಿದು ಹೋದರೆ ಕೆಲಸ ಸುಲಭವಾಗುತ್ತದೆ. ಮಗನ ಪ್ರಾಜೆಕ್ಟನ್ನು ತಾವೇ ಕೂತು ಬರೆದುಕೊಡುವ ತಂದೆಯವರು ಆ ಶ್ರಮದ ಬದಲು ಒಂದು ದಿನ ರಜೆ ಹಾಕಿ ಮಗನನ್ನು ಈ ಕಚೇರಿಗೆ ಕರೆದುಕೊಂಡು ಹೋಗಿ ಬರಬಹುದು.

ಹಳ್ಳಿಯ ಮಟ್ಟದ ವಿವರ ಬೇಕಾದವರಿಗೆ ಜನಗಣತಿಯ ಜಿಲ್ಲಾ ಕೈಪಿಡಿಯಂಥ ಗಣಿ ಇನ್ನೊಂದಿಲ್ಲ. ಪ್ರತಿ ಹಳ್ಳಿಯ ವಿಸ್ತೀರ್ಣ, ಜನಸಂಖ್ಯೆ, ಸಾಕ್ಷರರು, ಕೆಲಸಗಾರರು, ಶಾಲೆ, ಅಂಚೆ ಕಚೇರಿ, ಬಸ್ಸು ಇವೆಲ್ಲವೂ ಅದರಲ್ಲಿವೆ. 2011ರ ಕೈಪಿಡಿಗಳು ಜನಗಣತಿ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ರಾಜ್ಯದ ಒಟ್ಟು ಚಿತ್ರಕ್ಕೆ ಪ್ರತಿವರ್ಷ ಬಜೆಟ್ಟಿನ ಹೊತ್ತಿಗೆ ಬರುವ 'ಕರ್ನಾಟಕ ಆರ್ಥಿಕ ಸಮೀಕ್ಷೆ' ಇದೆ. ಕಾಲೇಜು ವಿದ್ಯಾರ್ಥಿಗಳಾದರೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೂಲ ದತ್ತಾಂಶವನ್ನೇ, ಕುಟುಂಬಗಳ ಹೆಸರು ಬಿಟ್ಟು ಉಳಿದದ್ದನ್ನು, ಕೇಂದ್ರದ ಸಾಂಖ್ಯಿಕ ಸಚಿವಾಲಯದ ತಾಣದಿಂದ ಪಡೆದುಕೊಳ್ಳಬಹುದು. ಪ್ರಕಟವಾಗದ ಅಂಕಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದ್ದೇ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ಬೇಕಾದ ಕೋಷ್ಟಕ, ವರ್ಷ, ತಾಲ್ಲೂಕು ಇವನ್ನು ಖಚಿತವಾಗಿ ಬರೆದರೆ ಉತ್ತರವೂ ಖಚಿತವಾಗಿರುತ್ತದೆ.

ಫೋನಿನಲ್ಲಿ ಹುಡುಕಿದರೆ ಕ್ಷಣದಲ್ಲಿ ಸಿಗುವ ಅಂಕಿಯೂ ಒಮ್ಮೊಮ್ಮೆ ಸರಿಯಾಗಿಯೇ ಇರುತ್ತದೆ. ಆದರೆ ವರದಿಯ ಕೊನೆಯಲ್ಲಿ 'ಮೂಲ: ಇಂಟರ್‌ನೆಟ್' ಎಂದು ಬರೆಯುವುದು 'ಮೂಲ: ಗ್ರಂಥಾಲಯ' ಎಂದು ಬರೆದಂತೆ! ಯಾವ ಇಲಾಖೆ, ಯಾವ ಪ್ರಕಟಣೆ, ಯಾವ ವರ್ಷ, ಎಷ್ಟನೇ ಕೋಷ್ಟಕ ಎಂಬಷ್ಟನ್ನಾದರೂ ಗುರುತು ಹಾಕಿಕೊಳ್ಳಬೇಕು. 2011ರಲ್ಲಿ ಕರ್ನಾಟಕದ ಜನಸಂಖ್ಯೆ ಎಷ್ಟು ಎಂದರೆ ಒಬ್ಬರು 6,11,30,704 ಎನ್ನುತ್ತಾರೆ, ಇನ್ನೊಬ್ಬರು 6,10,95,297 ಎನ್ನುತ್ತಾರೆ. ಮೊದಲನೆಯದು ಗಣತಿ ಮುಗಿದೊಡನೆ ಪ್ರಕಟಿಸಿದ ತಾತ್ಕಾಲಿಕ ಅಂಕಿ, ಎರಡನೆಯದು ಪರಿಶೀಲನೆಯ ನಂತರದ ಅಂತಿಮ ಅಂಕಿ. ಮೂಲ ಬರೆದುಕೊಂಡವರಿಗೆ ಈ ಗೊಂದಲವಿಲ್ಲ.

ಕೋಷ್ಟಕದಲ್ಲಿ ಗೆರೆ ಎಳೆದಿರುವ ಅಥವಾ 'ಲಭ್ಯವಿಲ್ಲ' ಎಂದಿರುವ ಮನೆಗಳ ಬಗ್ಗೆಯೂ ಎಚ್ಚರ ಬೇಕು. ಅದನ್ನು ಸೊನ್ನೆ ಎಂದು ಬರೆದುಕೊಂಡು ಸರಾಸರಿ ತೆಗೆದವರ ಲೆಕ್ಕ ಕೆಟ್ಟಿತೆಂದೇ ಅರ್ಥ. ಮಳೆ ಬೀಳಲಿಲ್ಲ ಎನ್ನುವುದು ಬೇರೆ, ಮಳೆಮಾಪಕ ಕೆಟ್ಟಿತ್ತು ಎನ್ನುವುದು ಬೇರೆ.

ಹೊಲದಿಂದ ಕೋಷ್ಟಕಕ್ಕೆ

ಅಂಕಿಯೊಂದು ಹೇಗೆ ಹುಟ್ಟಿತೆಂದು ತಿಳಿದರೆ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದೂ ತಿಳಿಯುತ್ತದೆ. 'ಜಿಲ್ಲೆಯಲ್ಲಿ ರಾಗಿಯ ಇಳುವರಿ ಹೆಕ್ಟೇರಿಗೆ ಇಷ್ಟು ಕಿಲೋ' ಎಂದು ಪುಸ್ತಕದಲ್ಲಿರುತ್ತದೆ. ಜಿಲ್ಲೆಯ ರಾಗಿಯನ್ನೆಲ್ಲ ಯಾರು ತೂಗಿದರು? ಯಾರೂ ತೂಗಿಲ್ಲ. ಕೆಲವೇ ಹೊಲಗಳಲ್ಲಿ 'ಬೆಳೆ ಕಟಾವು ಪ್ರಯೋಗ' ಎಂಬುದನ್ನು ಮಾಡುತ್ತಾರೆ. ರೈತರ ಮಕ್ಕಳಿಗೆ ಈ ಹೆಸರು ಪರಿಚಿತವೇ. ಯಾವ ಹೊಲ ಎಂಬುದನ್ನು ಅಧಿಕಾರಿಯಾಗಲಿ ರೈತನಾಗಲಿ ಆರಿಸುವಂತಿಲ್ಲ, ಲಾಟರಿಯಂತೆ ಯಾದೃಚ್ಛಿಕ ಸಂಖ್ಯೆಗಳಿಂದ ಆರಿಸಬೇಕು. ಹೊಲದೊಳಗಿನ ಜಾಗವೂ ಹಾಗೆಯೇ. ನೈಋತ್ಯ ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂಬುದೂ ಯಾದೃಚ್ಛಿಕವೇ. ಚೆನ್ನಾಗಿ ಬೆಳೆದ ಕಡೆಯೇ ಹಗ್ಗ ಹಿಡಿದುಬಿಡುವ ಅಥವಾ ಒಣಗಿದ ಕಡೆಗೇ ಹೋಗುವ ಆಸೆಗೆ ಹೀಗೆ ಕಡಿವಾಣ ಹಾಕುತ್ತಾರೆ. ಬಹುತೇಕ ಬೆಳೆಗಳಿಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಗುರುತಿಸಿ, ಕೊಯ್ದು, ಒಕ್ಕಿ, ಕಾಳನ್ನು ತೂಗುತ್ತಾರೆ.

ಐದು ಮೀಟರೇ ಏಕೆ? ಒಂದು ಮೀಟರಿನ ಚೌಕವಾದರೆ ಕೆಲಸ ಬೇಗ ಮುಗಿಯುವುದಿಲ್ಲವೆ? ಇಲ್ಲೊಂದು ಸ್ವಾರಸ್ಯವಾದ ಚರಿತ್ರೆಯಿದೆ. ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಕೆಲವೇ ಅಡಿ ತ್ರಿಜ್ಯದ ವೃತ್ತಾಕಾರದ ತುಂಡುಗಳನ್ನು ಕೊಯ್ಯಿಸುತ್ತಿದ್ದರು. ತುಂಡು ಚಿಕ್ಕದಾದರೆ ಅಷ್ಟೇ ಖರ್ಚಿನಲ್ಲಿ ಹೆಚ್ಚು ಹೊಲಗಳಿಗೆ ಹೋಗಬಹುದೆಂಬುದು ಅವರ ವಾದ. ಕೃಷಿ ಸಂಶೋಧನಾ ಮಂಡಳಿಯಲ್ಲಿದ್ದ ಪಿ. ವಿ. ಸುಖಾತ್ಮೆಯವರು 1940ರ ದಶಕದಲ್ಲಿ ಇದನ್ನು ಪರೀಕ್ಷಿಸಿ, ತುಂಡು ಚಿಕ್ಕದಾದಷ್ಟೂ ಇಳುವರಿ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂದು ತೋರಿಸಿದರು.

ಕಾರಣ ತೀರ ಸರಳ. ಗೆರೆಯ ಮೇಲೆಯೇ ನಿಂತ ಪೈರು ಒಳಗಿನದೋ ಹೊರಗಿನದೋ? ಕೊಯ್ಯುವ ಕೈ ಸಾಮಾನ್ಯವಾಗಿ ಅದನ್ನು ಒಳಕ್ಕೆ ಸೇರಿಸಿಕೊಳ್ಳುತ್ತದೆ. ಒಂದು ಮೀಟರ್ ಚೌಕಕ್ಕೆ ಸುತ್ತಳತೆ ನಾಲ್ಕು ಮೀಟರ್, ವಿಸ್ತೀರ್ಣ ಒಂದು ಚದರ ಮೀಟರ್. ಐದು ಮೀಟರ್ ಚೌಕಕ್ಕೆ ಸುತ್ತಳತೆ ಇಪ್ಪತ್ತು, ವಿಸ್ತೀರ್ಣ ಇಪ್ಪತ್ತೈದು. ಅಂದರೆ ಪ್ರತಿ ಚದರ ಮೀಟರಿಗೆ ಮೊದಲನೆಯದರಲ್ಲಿ ನಾಲ್ಕು ಮೀಟರ್ ಅಂಚು, ಎರಡನೆಯದರಲ್ಲಿ 0.8 ಮೀಟರ್ ಮಾತ್ರ. ಅಂಚಿನ ಗೊಂದಲ ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಎಂಟನೇ ತರಗತಿಯ ಸುತ್ತಳತೆ–ವಿಸ್ತೀರ್ಣದ ಪಾಠ ಇಷ್ಟು ದೂರ ಬರುತ್ತದೆ!

25 ಚದರ ಮೀಟರಿನ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ ಬರುತ್ತದೆ. ಹಾಗೆಯೇ ತೂಕದ ತಪ್ಪೂ 400 ಪಟ್ಟು ಹಿಗ್ಗುತ್ತದೆ. ತಕ್ಕಡಿಯಲ್ಲಿ ಅರ್ಧ ಕಿಲೋ ಹೆಚ್ಚುಕಡಿಮೆಯಾದರೆ ಹೆಕ್ಟೇರಿಗೆ ಎರಡು ಕ್ವಿಂಟಲ್ ಹೆಚ್ಚುಕಡಿಮೆ. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ನಡೆದ ಬೆರಳೆಣಿಕೆಯ ಕಟಾವು ಪ್ರಯೋಗಗಳ ಸರಾಸರಿಯು ಹಿಂದಿನ ವರ್ಷಗಳ ಇಳುವರಿಯಿಂದ ನಿಗದಿಯಾದ ಮಟ್ಟಕ್ಕಿಂತ ಕೆಳಗೆ ಬಂದರೆ ರೈತರಿಗೆ ಪರಿಹಾರ, ಮೇಲೆ ನಿಂತರೆ ಇಲ್ಲ. ಹಾಗಾಗಿ ಪ್ರಯೋಗ ನಡೆಯುವ ದಿನ ಊರಿನವರು ಹಗ್ಗ, ತಕ್ಕಡಿ ಎರಡನ್ನೂ ಕಣ್ಣಿಟ್ಟು ನೋಡುವುದರಲ್ಲಿ ಆಶ್ಚರ್ಯವಿಲ್ಲ. ಸುಗ್ಗಿಯ ಕಾಲದಲ್ಲಿ ಹಳ್ಳಿಯ ಶಾಲೆಗಳು ಗ್ರಾಮ ಆಡಳಿತಾಧಿಕಾರಿಯವರನ್ನೋ ಕೃಷಿ ಇಲಾಖೆಯವರನ್ನೋ ಕೇಳಿಕೊಂಡು ಇಂಥ ಒಂದು ಪ್ರಯೋಗಕ್ಕೆ ಮಕ್ಕಳನ್ನು ಕರೆದೊಯ್ಯಬಹುದು. ಸಾಂಖ್ಯಿಕ ಶಾಸ್ತ್ರದ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಯಾವ ದಿನದ ಅಂಕಿ?

ಸೋಮವಾರ ಸಂಜೆ ಧೋ ಎಂದು ಸುರಿದ ಮಳೆಯನ್ನು ಹವಾಮಾನ ಇಲಾಖೆಯ ದಾಖಲೆಯಲ್ಲಿ ಸೋಮವಾರದ ಎದುರು ಹುಡುಕಿದರೆ ಸಿಗುವುದಿಲ್ಲ, ಮಂಗಳವಾರದ ಎದುರು ಇರುತ್ತದೆ. ಬೆಳಿಗ್ಗೆ 8.30ಕ್ಕೆ ಮಾಪಕ ನೋಡಿ, ಹಿಂದಿನ 24 ಗಂಟೆಗಳ ಮಳೆಯನ್ನು ಆ ದಿನದ ಲೆಕ್ಕಕ್ಕೆ ಬರೆಯುವುದು ಪದ್ಧತಿ. ಶಾಲೆಯಲ್ಲಿ ಮಳೆಮಾಪಕ ಇಟ್ಟ ಮಕ್ಕಳು ಇದನ್ನರಿಯದೆ ಹೋಲಿಸಿದರೆ ತಮ್ಮ ಮಾಪಕವೇ ತಪ್ಪೆಂದು ಮೂಲೆಗೆ ಹಾಕಿಯಾರು.

ಮಳೆಯದು ಒಂದು ದಿನದ ವ್ಯತ್ಯಾಸ. ಜನಸಂಖ್ಯೆಯ ಲೆಕ್ಕದಲ್ಲಿ ಇದು ಒಂದೂವರೆ ದಶಕ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಬಂದ ಜನಗಣತಿ 2021ರಲ್ಲಿ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಯಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯ ಪ್ರಕಾರ ಮುಂದಿನ ಗಣತಿಗೆ, ಹಿಮ ಬೀಳುವ ಪ್ರದೇಶಗಳನ್ನು ಬಿಟ್ಟು, ಆಧಾರ ದಿನ 2027ರ ಮಾರ್ಚ್ 1. ಹಿಂದಿನ ಆಧಾರ ದಿನ 2011ರ ಮಾರ್ಚ್ 1. ನಡುವೆ ಹುಟ್ಟಿದವರಲ್ಲಿ ಹಿರಿಯರು ಈಗಾಗಲೇ ಹೈಸ್ಕೂಲಿನಲ್ಲಿದ್ದಾರೆ. ಎಂಟನೇ ತರಗತಿಯಲ್ಲಿ ಕುಳಿತು 2011ರ ಜನಗಣತಿಯ ಕೋಷ್ಟಕ ನೋಡುತ್ತಿರುವ ಮಗು ಆ ಕೋಷ್ಟಕದಲ್ಲಿ ಎಲ್ಲಿಯೂ ಇಲ್ಲ!

ಇದು ಬರೀ ಪ್ರಾಜೆಕ್ಟಿನ ಪ್ರಶ್ನೆಯಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಗ್ರಾಮೀಣ ಜನಸಂಖ್ಯೆಯ ಶೇ. 75, ನಗರ ಜನಸಂಖ್ಯೆಯ ಶೇ. 50ರವರೆಗೆ ಅಗ್ಗದ ಪಡಿತರಕ್ಕೆ ಅರ್ಹರು. ಯಾವ ಜನಸಂಖ್ಯೆಯಲ್ಲಿ ಎಂದರೆ, ಅಂಕಿಗಳು ಪ್ರಕಟವಾಗಿರುವ ಕೊನೆಯ ಗಣತಿಯಲ್ಲಿ. ಹಾಗಾಗಿ ದೇಶಕ್ಕೆ 81.35 ಕೋಟಿ ಎಂಬ ಮಿತಿಯನ್ನು 2011ರ ಅಂಕಿಯಿಂದ ಕಟ್ಟಲಾಯಿತು. ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಿದರೂ ಹೊಸ ಗಣತಿಯ ಅಂಕಿ ಹೊರಬರುವವರೆಗೆ ಛೇದ ಹಳೆಯದೇ. ಸಾಕ್ಷರತೆಯ ಲೆಕ್ಕದಲ್ಲಿ ಪುಸ್ತಕದ ವಿಷಯವಾಗಿದ್ದ ಛೇದ ಇಲ್ಲಿ ನ್ಯಾಯಬೆಲೆ ಅಂಗಡಿಯ ಸಾಲಿನ ವಿಷಯವಾಗುತ್ತದೆ.

ಅಲ್ಲಿಯವರೆಗೆ ವಿದ್ಯಾರ್ಥಿಗಳು ಏನು ಬಳಸಬೇಕು? ಹಳ್ಳಿ, ತಾಲ್ಲೂಕಿನ ಮಟ್ಟದಲ್ಲಿ 2011ರ ಅಂಕಿಯೇ ಗತಿ. ವರ್ಷವನ್ನು ಪಕ್ಕದಲ್ಲೇ ಬರೆದರೆ ದೋಷವಿಲ್ಲ. ರಾಜ್ಯದ ಮಟ್ಟಕ್ಕೆ 2011ರಿಂದ 2036ರವರೆಗಿನ ಅಧಿಕೃತ ಅಂದಾಜುಗಳನ್ನು ತಜ್ಞರ ಸಮಿತಿಯೊಂದು ಸಿದ್ಧಪಡಿಸಿದೆ. ಜನನ, ಮರಣ, ವಲಸೆಯ ದರಗಳು ಹೀಗೆ ಹೀಗೆ ಸಾಗಿದರೆ ಎಂಬ ಊಹೆಯ ಮೇಲೆ ನಿಂತ ಅಂಕಿಗಳವು, ತಲೆ ಎಣಿಸಿ ಬಂದವಲ್ಲ. ಎರಡನ್ನೂ ಒಂದೇ ನಕ್ಷೆಯಲ್ಲಿ ತೋರಿಸುವುದಾದರೆ ಎಣಿಸಿದ ವರ್ಷಗಳಿಗೆ ತುಂಬುಗೆರೆ, ಅಂದಾಜಿನ ವರ್ಷಗಳಿಗೆ ಚುಕ್ಕೆಗೆರೆ ಎಳೆದು, ಅಡಿಯಲ್ಲಿ ಹಾಗೆಂದು ಒಂದು ಸಾಲು ಬರೆದರಾಯಿತು.